ಬಾಗಿಲಲ್ಲಿ ಹೇಳುವ ಮಾತು

ಆ ವಾರ ಹೊಲಿಗೆಯಕ್ಕನ ಮನೆಯಲ್ಲಿ ಯಾರೂ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಗಂಡ ಕಾಲು ಸುಟ್ಟ ಬೆಕ್ಕಿನ ಹಾಗೆ ಮುಂದಿನ ಕೋಣೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಮುಂದಿನ ಕೋಣೆಗೆ ತಿರುಗುತ್ತಿದ್ದ. ಮಗಳು ಪೆಟ್ಟಿಗೆ ತುಂಬುತ್ತಿದ್ದಳು, ತುಂಬಿದ್ದನ್ನು ಹೊರಗೆ ಹಾಕುತ್ತಿದ್ದಳು, ಮತ್ತೆ ತುಂಬುತ್ತಿದ್ದಳು. ಹೊಲಿಗೆಯಕ್ಕ ಯಂತ್ರದ ಮುಂದೆ ಕೂತಿದ್ದಳು ನಿಜ. ಆದರೆ ಕಾಲು ತನ್ನ ಪಾಡಿಗೆ ಪೆಡಲು ತುಳಿಯುತ್ತಿತ್ತು, ಸೂಜಿಯ ಕೆಳಗೆ ಬಟ್ಟೆಯೇ ಇರಲಿಲ್ಲ. ಬ್ಲೌಸಿನ ತೋಳು ಹಿಡಿಸಿಕೊಳ್ಳಲು ಬಂದ ಎದುರುಮನೆಯವಳು ಅದನ್ನು ನೋಡಿ ಬಟ್ಟೆ ಇಟ್ಟು ಹೋದಳು.

ಗಡಿಯಲ್ಲಿ ಮತ್ತೆ ಶುರುವಾಗಿತ್ತು. ಹಿಂದಿನ ಯುದ್ಧ ಮುಗಿದಾಗ ‘ಇದೇ ಕೊನೆ’ ಅಂದಿದ್ದರು. ಅಂದವರೆಲ್ಲ ಈಗ ಹೊಸ ನಕ್ಷೆ ಹಿಡಿದು ಕೂತಿದ್ದರು. ಮಗಳು ಗುಬ್ಬಿ, ದೊಡ್ಡಾಸ್ಪತ್ರೆಯಲ್ಲಿ ನರ್ಸು. ಚಿಕ್ಕವಳಿದ್ದಾಗ ಇಟ್ಟ ಹೆಸರು ಅದು, ಈಗ ಬಾಗಿಲ ಚೌಕಟ್ಟಿಗೆ ತಲೆ ತಾಗುವಷ್ಟು ಉದ್ದ ಬೆಳೆದರೂ ಗುಬ್ಬಿಯೇ. ಗಡಿಯ ಹತ್ತಿರದ ಡೇರೆ ಆಸ್ಪತ್ರೆಗೆ ಜನ ಬೇಕು ಅಂತ ಕರೆ ಬಂದಾಗ, ಕೇಳಿ ಮುಗಿಸುವ ಮೊದಲೇ ಎದ್ದು ನಿಂತವಳು ಇವಳಂತೆ. ಸೋಮವಾರ ಬೆಳಿಗ್ಗೆ ಆಸ್ಪತ್ರೆಯ ಅಂಗಳದಿಂದ ಲಾರಿ ಹೊರಡುವುದಿತ್ತು.

ಹೋಗಬೇಡ ಅಂತ ಹೊಲಿಗೆಯಕ್ಕ ಅನ್ನಲಿಲ್ಲ. ಅಂದರೆ ಕೇಳುವ ಪೈಕಿ ಅಲ್ಲ ಅಂತ ಗೊತ್ತಿತ್ತು. ಅವಳಿಗೆ ಬೇಕಾಗಿದ್ದು ಒಂದೇ. ಹೊರಡುವಾಗ ಮಗಳು ಬಾಯಿಬಿಟ್ಟು ‘ಬರ್ತೀನಿ’ ಅನ್ನಬೇಕು. ಅಷ್ಟೆ.

ಅದೇನು ಮಹಾ, ಎಲ್ಲರೂ ಅನ್ನುತ್ತಾರಲ್ಲ ಅಂತೀರಿ. ಹೌದು, ಎಲ್ಲರೂ ಅನ್ನುತ್ತಾರೆ. ಕೂಗಾಡಿ ಎದ್ದು ಹೋಗುವವನು ಕೂಡ ಬಾಗಿಲಲ್ಲಿ ‘ಬರ್ತೀನಿ’ ಅಂದೇ ಚಪ್ಪಲಿ ಮೆಟ್ಟುತ್ತಾನೆ. ಬಾಯಿತಪ್ಪಿ ‘ಹೋಗ್ತೀನಿ’ ಅಂದರೆ ಮನೆಯ ಹಿರಿಯರು ‘ಬಿಡ್ತು ಅನ್ನು’ ಅಂತ ಗದರುತ್ತಾರೆ. ಹೋಗುವುದಕ್ಕೆ ಬರುವುದು ಅನ್ನುವ ಜನ ನಾವು. ಆದರೆ ಈ ಒಂದು ಮನೆಯಲ್ಲಿ, ಗುಬ್ಬಿ ಹುಟ್ಟುವುದಕ್ಕೂ ಮೊದಲಿನಿಂದ, ಆ ಮಾತು ನಿಂತುಹೋಗಿತ್ತು. ನಿಲ್ಲಿಸಿದವನು ಮನೆಯ ಯಜಮಾನ. ನಿಲ್ಲಿಸಿದ್ದು ತನ್ನ ಮನೆಯಲ್ಲಿ ಮಾತ್ರ ಆಗಿದ್ದರೆ ಹೇಗೋ ಸಹಿಸಬಹುದಿತ್ತು.

ಅವಳ ಗಂಡ ಕವಿ. ಹೊಟ್ಟೆಪಾಡಿಗೆ ಪ್ರೆಸ್ಸಿನಲ್ಲಿ ಪ್ರೂಫ್ ನೋಡುತ್ತಿದ್ದ, ಆದರೆ ಊರಿಗೆಲ್ಲ ಕವಿ. ಹಿಂದಿನ ಯುದ್ಧಕ್ಕೆ ಹೋಗುವ ಮೊದಲೂ ಬರೆಯುತ್ತಿದ್ದ. ಆಗಿನದು ಬೇರೆ ಬರವಣಿಗೆ. ಬೆಳಗಾದರೆ ಬೆಳಕು, ಹೊಳೆ ಹರಿದರೆ ಕೊಳಲು, ಹೆಂಡತಿಯ ಕಣ್ಣು ಅಂದರೆ ಹಣ್ಣು, ಹಣ್ಣಾದ ಮೇಲೆ ಬೆಣ್ಣೆ. ‘ಹೀಗೇ ಹೋದ್ರೆ ಸುಣ್ಣನೂ ಬರುತ್ತೇನೋ’ ಅಂತ ಅವಳು ನಗುತ್ತಿದ್ದಳು. ನಕ್ಕರೂ ಹೊಲಿಯುವಾಗ ಗುನುಗುತ್ತಿದ್ದುದು ಅದನ್ನೇ.

ಯುದ್ಧದಿಂದ ಬಂದವನು ಪ್ರಾಸ ಬಿಟ್ಟ, ಗಡ್ಡ ಬಿಟ್ಟ. ಸಾಲುಗಳು ಒಂದು ಗಿಡ್ಡ, ಒಂದು ಉದ್ದ, ಹಲ್ಲು ಮುರಿದ ಬಾಚಣಿಗೆಯ ಹಾಗೆ. ಅವನ ತುಕಡಿಯಲ್ಲಿ ಒಬ್ಬನಿದ್ದನಂತೆ, ಎಲ್ಲರೂ ಉದ್ದಣ್ಣ ಅಂತ ಕರೆಯುತ್ತಿದ್ದ ಆಸಾಮಿ. ನೀರು ತರಲು ಡಬ್ಬಿ ಹಿಡಿದು ಕಂದಕದಿಂದ ಮೇಲೆ ಹತ್ತಿದವನು ‘ಬರ್ತೀನಿ’ ಅಂದ. ಬರಲಿಲ್ಲ. ಇಳಿಜಾರಿನಲ್ಲಿ ಉರುಳಿಕೊಂಡು ಬಂದದ್ದು ಡಬ್ಬಿ ಒಂದೇ. ಆ ಮೇಲೆ ಕವಿ ಬರೆದ ಪದ್ಯ ಇಷ್ಟೇ:

ಬರ್ತೀನಿ ಅಂದ.
ಡಬ್ಬಿ ಬಂತು.
ಇನ್ನು ಮೇಲೆ ಯಾರೂ
ಬಾಗಿಲಲ್ಲಿ ಸುಳ್ಳಾಡಬೇಡಿ.
ಹೋಗ್ತೀನಿ
ಅನ್ನಿ.

ಇಷ್ಟೇ ಪದ್ಯ, ಆದರೆ ಅದು ಮಾಡಿದ ಅವಾಂತರ ಇಷ್ಟೇ ಅಲ್ಲ. ಯುದ್ಧ ಮುಗಿದ ಊರು ಅದು, ಪ್ರತಿ ಬೀದಿಯಲ್ಲೂ ಒಬ್ಬ ‘ಬರ್ತೀನಿ’ ಅಂದು ಬಾರದವನಿದ್ದ. ಪದ್ಯ ಓದಿದವರು ಅತ್ತರು. ಅತ್ತವರು ಒಬ್ಬರಿಗೊಬ್ಬರು ಓದಿ ಹೇಳಿದರು. ಆಮೇಲೆ ಬಂತು ಕಾಲೇಜಿನ ಹುಡುಗರ ದಂಡು. ಅವರಿಗೆ ಅಳು ಬೇಕಿರಲಿಲ್ಲ, ವರಸೆ ಬೇಕಿತ್ತು. ಹಾಸ್ಟೆಲಿನ ಬಾಗಿಲಲ್ಲಿ, ಬಸ್ ನಿಲ್ದಾಣದಲ್ಲಿ, ಪ್ರೇಯಸಿಯ ಎದುರಿಗೆ, ಎಲ್ಲಿ ನೋಡಿದರೂ ‘ಹೋಗ್ತೀನಿ’. ರೇಡಿಯೋದಲ್ಲಿ ವಾರ್ತೆ ಓದುವವನು ಕೂಡ ಒಂದಷ್ಟು ಕಾಲ ‘ಹೋಗ್ತೇವೆ’ ಅಂತ ಮುಗಿಸುತ್ತಿದ್ದ. ಗಡ್ಡ ಕೆರೆದುಕೊಳ್ಳುವಾಗ ಆದ ಗಾಯ ಬಿಟ್ಟು ಬೇರೆ ಗಾಯ ಕಾಣದವರು ಬೂದಿ, ಮೂಳೆ, ಮುರಿದ ಸೇತುವೆ ಅಂತ ಪುಸ್ತಕದ ಮೇಲೆ ಪುಸ್ತಕ ತಂದರು. ಪದ್ಯ ಶಾಲೆಯ ಪಠ್ಯಕ್ಕೂ ಬಂತು. ‘ಡಬ್ಬಿಯ ಸಂಕೇತಾರ್ಥವನ್ನು ವಿವರಿಸಿ’ ಅನ್ನುವ ಪ್ರಶ್ನೆಗೆ ಗುಬ್ಬಿ ‘ನೀರಿನ ಡಬ್ಬಿ’ ಅಂತ ಬರೆದು, ಅಪ್ಪನ ಪದ್ಯದಲ್ಲೇ ಸೊನ್ನೆ ತಗೊಂಡು ಮನೆಗೆ ಬಂದಳು. ಆ ದಿನ ಮಾತ್ರ ಕವಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ.

ಹೊಲಿಗೆಯಕ್ಕನ ತಕರಾರು ಇದ್ದದ್ದು ಬೇರೆ ಕಡೆ. ಯುದ್ಧಕ್ಕೆ ಹೋಗುವಾಗ ಇವನೂ ಬಾಗಿಲಲ್ಲಿ ‘ಬರ್ತೀನಿ’ ಅಂದಿದ್ದ. ಬಂದ. ತೆಳ್ಳಗಾಗಿ, ಕೂದಲುದುರಿ, ಬೂಟಿನಲ್ಲಿ ಯಾರದೋ ಕಾಲುಚೀಲ ಹಾಕಿಕೊಂಡು, ಆದರೂ ಬಂದ.

‘ನೀವು ಬಂದ್ರಲ್ಲ, ಅದು ಯಾಕೆ ಪದ್ಯ ಆಗ್ಲಿಲ್ಲ?’ ಅಂತ ಅವಳು ಒಂದು ಸಲ ಕೇಳಿಯೂ ಬಿಟ್ಟಿದ್ದಳು.

‘ಬಂದೋನು ನಾನಲ್ಲ ಕಣೆ’ ಅಂದ ಕವಿ, ಕಿಟಕಿಯ ಕಡೆ ನೋಡುತ್ತ.

‘ಹಾಗಾದ್ರೆ ಇಷ್ಟು ವರ್ಷ ನಾನು ಅನ್ನ ಹಾಕ್ತಿರೋದು ಯಾರಿಗೆ?’

ಆ ಪ್ರಶ್ನೆಗೆ ಯಾವ ವಿಮರ್ಶಕನೂ ಇವತ್ತಿನವರೆಗೆ ಉತ್ತರ ಬರೆದಿಲ್ಲ. ಕವಿ ದಿನಾ ಬೆಳಿಗ್ಗೆ ‘ಹೋಗ್ತೀನಿ’ ಅಂದು ಪ್ರೆಸ್ಸಿಗೆ ಹೋಗುವನು, ಅವಳು ತಲೆ ಎತ್ತದೆ ಯಂತ್ರ ತುಳಿಯುವಳು. ಹಾಗೇ ಮಗಳೂ ಕಲಿತಳು. ನೂಲಿನಂತೆ ಸೀರೆ ಅಂತಾರೆ. ಈ ಸೀರೆಗೆ ನೂಲು ಅಪ್ಪನದು.

ಈಗ ಸೋಮವಾರ ಹತ್ತಿರ ಬರುತ್ತಿತ್ತು. ನೇರ ಕೇಳಿದರೆ ಮಗಳು ಮೊಂಡು ಹಿಡಿಯುತ್ತಾಳೆ ಅಂತ ಹೊಲಿಗೆಯಕ್ಕ ಮೊದಲು ಉಪಾಯ ಹೂಡಿದಳು. ಗುರುವಾರ ಬೆಳಿಗ್ಗೆ ಪಾತ್ರೆ ಕೈಗೆ ಕೊಟ್ಟು, ‘ಗುಬ್ಬಿ, ಹಾಲು ತಗೊಂಡು ಬರ್ತೀಯಾ?’ ಅಂದಳು. ಯಾರಾದರೂ ‘ಬರ್ತೀನಿ’ ಅನ್ನಲೇಬೇಕಾದ ಪ್ರಶ್ನೆ.

‘ತರ್ತೀನಿ’ ಅಂದಳು ಗುಬ್ಬಿ.

ಮಧ್ಯಾಹ್ನ ಊಟಕ್ಕೆ ಕರೆದಳು. ತಟ್ಟೆ ಹಾಕಿಟ್ಟು, ‘ಬರ್ತೀಯೇನೇ?’ ಅಂದಳು. ಒಳಗಿನಿಂದ ‘ಬಂದೆ’ ಅಂತ ಕೇಳಿಸಿತು. ಬಂದೆ ಅಂದವಳು ಬಂದದ್ದು ಸಾರು ಆರಿ ತಣ್ಣಗಾದ ಮೇಲೆ.

‘ನೋಡಿ,’ ಅಂತ ಅವಳು ಗಂಡನಿಗೆ ತಿರುಗಿಬಿದ್ದಳು, ‘ಒಳಗೆ ಕೂತ್ಕೊಂಡೇ ಬಂದೆ ಅಂದಳು. ಇದು ನಿಮ್ಮ ಪ್ರಕಾರ ಸುಳ್ಳಲ್ವಾ? ಬರ್ತೀನಿ ಅನ್ನೋದು ಮಾತ್ರ ಮಹಾ ಸುಳ್ಳಾ?’

ಕವಿ ಸಾರಿನಲ್ಲಿ ಚಮಚ ಆಡಿಸುತ್ತ, ‘ಅದರ ಬಗ್ಗೆ ಯೋಚನೆ ಮಾಡಿರಲಿಲ್ಲ’ ಅಂದ. ಮುಂದೆ ಕೂರಲಿಕ್ಕೆ ಆಗಲಿಲ್ಲ ಅವನಿಗೆ. ಅರ್ಧ ಊಟಕ್ಕೆ ಎದ್ದು ಹಿತ್ತಿಲಿಗೆ ಹೋದ, ಹಿತ್ತಿಲಿನಿಂದ ವಾಪಸ್ಸು ಬಂದ, ಕನ್ನಡಕ ಹುಡುಕಿದ. ಕನ್ನಡಕ ಮೂಗಿನ ಮೇಲೇ ಇತ್ತು.

ಶುಕ್ರವಾರ ಕೋಟು ಬಂತು. ಡೇರೆ ಆಸ್ಪತ್ರೆಯವರು ಕೊಟ್ಟ ದಪ್ಪ ಬೂದು ಕೋಟು, ಗಂಡಸರ ಅಳತೆಯದು. ಭುಜ ಕೆಳಗೆ ಜಾರಿ, ತೋಳಿನಲ್ಲಿ ಮಗಳ ಕೈಯೇ ಕಾಣುತ್ತಿರಲಿಲ್ಲ. ಹೊಲಿಗೆಯಕ್ಕ ಅವಳನ್ನು ಮುಂದಿನ ಕೋಣೆಯ ಬೆಳಕಿಗೆ ನಿಲ್ಲಿಸಿ, ಬಾಯಲ್ಲಿ ಗುಂಡುಸೂಜಿಗಳನ್ನು ಕಚ್ಚಿಕೊಂಡು, ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತ ಸುತ್ತ ತಿರುಗಿದಳು. ಬಾಯಲ್ಲಿ ಸೂಜಿ ಇದ್ದರೆ ಜಗಳ ಆಡಲು ಆಗುವುದಿಲ್ಲ. ಹಾಗಂತ ಸುಮ್ಮನಿರಲೂ ಆಗಲಿಲ್ಲ. ಒಂದೊಂದೇ ಸೂಜಿ ತೆಗೆದು ಕೋಟಿಗೆ ಚುಚ್ಚುತ್ತ ಬಂದಳು, ಕೊನೆಯದು ಮುಗಿದ ಕೂಡಲೇ ಬಾಯಿಬಿಟ್ಟಳು.

‘ಸೋಮವಾರ ಹೊರಡುವಾಗ ಬರ್ತೀನಿ ಅನ್ನು. ನಂಗೆ ಇನ್ನೇನೂ ಬೇಡ.’

‘ಅಮ್ಮ, ಶುರು ಮಾಡ್ಬೇಡ.’

‘ಒಂದು ಮಾತು ಕಣೇ. ಬಾಯಲ್ಲಿ ಹುಣ್ಣಾಗುತ್ತಾ?’

ಗುಬ್ಬಿ ಅಲುಗಾಡದೆ ನಿಂತಿದ್ದಳು, ಅಲುಗಾಡಿದರೆ ಸೂಜಿ ಚುಚ್ಚುತ್ತಿತ್ತು. ‘ವಾರ್ಡಲ್ಲಿ ದಿನಾ ಕೇಳ್ತೀನಿ ಅಮ್ಮ. ಆಪರೇಷನ್‌ಗೆ ಕರ್ಕೊಂಡು ಹೋಗ್ತಿದ್ರೆ, ಬರ್ತೀನಿ ಸಿಸ್ಟರ್ ಅಂತಾರೆ. ಅವರ ಮನೆಯೋರು ಆ ಮಾತು ಹಿಡ್ಕೊಂಡು ಬೆಂಚಿನ ಮೇಲೆ ಕೂತಿರ್ತಾರೆ. ಬಾಗಿಲು ತೆರೆದು ಅವರಿಗೆ ಹೇಳೋಕೆ ಹೋಗೋಳು ನಾನು. ಬರ್ತೀನಿ ಅಂದಿದ್ನಲ್ಲ ಅಂತ ನನ್ನನ್ನೇ ಕೇಳ್ತಾರೆ. ನಿನ್ನ ಆ ಬೆಂಚಿನ ಮೇಲೆ ಕೂರಿಸಿ ಹೋಗಲ್ಲ ನಾನು.’

‘ಕೂರೋದು ಹೇಗೂ ಕೂರ್ತೀನಿ. ಅಂದ್ರೂ ಕೂರ್ತೀನಿ, ಅನ್ನದಿದ್ರೂ ಕೂರ್ತೀನಿ.’

‘ಅಪ್ಪ ಬರೆದದ್ದರಲ್ಲಿ ನಂಗೆ ಪೂರ್ತಿ ಅರ್ಥ ಆಗಿರೋದು ಅದೊಂದೇ ಪದ್ಯ. ಯಾಕೆ ಹೋಗ್ತಿದೀನಿ ಅನ್ಕೊಂಡಿದೀಯ? ಅವತ್ತು ಆ ಉದ್ದಣ್ಣನ ಹತ್ರ ನಮ್ಮಂಥೋಳು ಒಬ್ಬಳಿದ್ದಿದ್ರೆ ಡಬ್ಬಿ ಒಂದೇ ಬರ್ತಿರಲಿಲ್ಲ.’

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಕವಿಗೆ ಅದು ಕೇಳಿಸಿತು. ಕೈಯಲ್ಲಿದ್ದ ಲೋಟ ಹಾಗೇ ಇತ್ತು, ಕುಡಿಯಲಿಲ್ಲ. ಅವನ ಮುಖ ನೋಡಿ ಹೊಲಿಗೆಯಕ್ಕನಿಗೆ ಅಯ್ಯೋ ಅನ್ನಿಸಿತು. ಆಮೇಲೆ ಸಿಟ್ಟೂ ಬಂತು. ಮಾಡಿದ್ದುಣ್ಣೋ ಮಹಾರಾಯ ಅಂತ ನಾಲಿಗೆ ತುದಿಗೆ ಬಂದದ್ದನ್ನು ನುಂಗಿ, ಕೋಟಿನ ತೋಳು ಮಡಿಚಿ ಕಚ್ಚಾ ಹೊಲಿಗೆ ಹಾಕತೊಡಗಿದಳು. ಯುದ್ಧದಲ್ಲಿ ನೊಂದು ಬರೆದ ಪದ್ಯವೇ ಮಗಳನ್ನು ಯುದ್ಧಕ್ಕೆ ಎಬ್ಬಿಸಿತ್ತು. ಬರೆದವನ ಕೈಮೀರಿ ಎಲ್ಲೆಲ್ಲೋ ಬೆಳೆದಿತ್ತು ಅದು.

ಭಾನುವಾರ ವಿಮರ್ಶಕ ಬಂದ. ಕಾಲೇಜಿನಲ್ಲಿ ಸಾಹಿತ್ಯ ಪಾಠ ಮಾಡುವವನು, ಕವಿಯ ಬಗ್ಗೆ ದಪ್ಪ ಪುಸ್ತಕ ಬರೆದವನು. ಪ್ರತಿ ಭಾನುವಾರ ತಪ್ಪದೆ ಬರುತ್ತಿದ್ದ, ಜೊತೆಗೆ ನಾಲ್ಕಾರು ಎಳೆ ಕವಿಗಳು. ಚಹಾ, ಬಿಸ್ಕತ್ತು, ಬೂದಿ, ಮೂಳೆ. ಆ ದಿನ ಅವರು ಗುಬ್ಬಿಯನ್ನು ನಡುವೆ ಕೂರಿಸಿಕೊಂಡರು.

‘ಗುರುಗಳೇ, ನಿಮ್ಮ ಪದ್ಯ ಅಲ್ಲಿಗೇ ನಿಂತಿಲ್ಲ,’ ಅಂದ ವಿಮರ್ಶಕ. ಅವನ ಕಣ್ಣು ನಿಜಕ್ಕೂ ಒದ್ದೆಯಾಗಿತ್ತು, ಅದನ್ನು ಇಲ್ಲ ಅನ್ನಬಾರದು. ‘ನಿಮ್ಮ ಮಗಳೇ ಅದರ ಮುಂದಿನ ಸಾಲು. ಭ್ರಮೆ ಇಲ್ಲದೆ, ಭರವಸೆ ಕೊಡದೆ, ಹೋಗ್ತೀನಿ ಅಂತ ಹೋಗ್ತಿದಾರೆ.’

ಕವಿ ಕುರ್ಚಿಯಲ್ಲಿ ಮಗ್ಗುಲು ಬದಲಿಸಿದ. ‘ಅವಳು ಪದ್ಯದ ಸಾಲಲ್ಲ’ ಅಂದ ಮೆಲ್ಲಗೆ. ಯಾರೂ ಗಮನಿಸಲಿಲ್ಲ. ಎಳೆ ಕವಿಯೊಬ್ಬ ತನ್ನ ಹೊಸ ಪದ್ಯ ತೆಗೆದ, ಅದರಲ್ಲಿ ಒಂದು ಡಬ್ಬಿ ಇತ್ತು. ಇನ್ನೊಬ್ಬನದರಲ್ಲಿ ಎರಡು.

ಎಲ್ಲ ಮುಗಿದು ಅವರು ಎದ್ದರು. ಹೊಸ್ತಿಲ ಬಳಿ ಸಾಲಾಗಿ ನಿಂತು, ‘ಹೋಗ್ತೀವಿ ಅಕ್ಕ’ ಅಂದರು.

ಹೊಲಿಗೆಯಕ್ಕ ಕತ್ತರಿ ಕೈಯಲ್ಲಿ ಹಿಡಿದುಕೊಂಡೇ ಎದ್ದು ಬಂದು ಬಾಗಿಲಿಗೆ ಅಡ್ಡ ನಿಂತಳು. ‘ಶುಭ ನುಡಿಯೋ ಸೋಮ ಅಂದ್ರೆ ಗೂಬೆ ಕಾಣ್ತದಲ್ಲೋ ಮಾಮ ಅಂದನಂತೆ. ನಾಳೆ ನನ್ನ ಮಗಳು ಗಡಿಗೆ ಹೊರಡ್ತಾಳೆ, ನನ್ನ ಹೊಸ್ತಿಲ ಮೇಲೆ ನಿಂತು ಹೋಗ್ತೀವಿ ಅಂತೀರಲ್ಲ, ಬಿಡ್ತು ಅನ್ನಿ. ಬರ್ತೀವಿ ಅನ್ನೋವರೆಗೂ ಬಾಗಿಲು ಬಿಡಲ್ಲ.’

ವಿಮರ್ಶಕ ಕನ್ನಡಕ ಸರಿ ಮಾಡಿಕೊಂಡ. ‘ಅಕ್ಕ, ಇದು ಪ್ರಾಮಾಣಿಕತೆಯ ಪ್ರಶ್ನೆ...’

‘ಎಂಥ ಪ್ರಾಮಾಣಿಕತೆ? ಪ್ರತಿ ಭಾನುವಾರ ಹೋಗ್ತೀನಿ ಅಂತೀರಿ, ಮುಂದಿನ ಭಾನುವಾರ ಚಹಾದ ಹೊತ್ತಿಗೆ ಸರಿಯಾಗಿ ಬಂದು ಕೂರ್ತೀರಿ. ಇಷ್ಟು ವರ್ಷದಲ್ಲಿ ಒಂದು ಸಲನಾದ್ರೂ ಹೋದೋರು ಹೋಗೇ ಬಿಟ್ಟಿದೀರಾ? ನಿಮ್ಮದೇ ಸುಳ್ಳು. ನಮ್ಮ ಜನ ಬರ್ತೀನಿ ಅಂತಾರೆ, ಬರ್ತಾರೆ.’

ಎಳೆ ಕವಿಗಳು ನೆಲ ನೋಡಿದರು. ಒಬ್ಬ ನಗು ತಡೆಯಲಾಗದೆ ಕೆಮ್ಮಿದ. ಕೊನೆಗೆ ವಿಮರ್ಶಕ, ತಲೆ ತಗ್ಗಿಸಿ, ‘ಬರ್ತೀವಿ ಅಕ್ಕ’ ಅಂದ. ಎಷ್ಟು ವರ್ಷದಿಂದ ಬಾಯಿಗೆ ಬಂದಿರದ ಮಾತೋ ಏನೋ, ಅಂದವನ ಮುಖ ಕೆಂಪಾಯಿತು. ಬಾಗಿಲು ಬಿಟ್ಟಳು. ಗೆದ್ದೆ ಅಂತ ಒಂದು ಗಳಿಗೆ ಅನ್ನಿಸಿತು. ತಿರುಗಿ ನೋಡಿದರೆ ಗುಬ್ಬಿ ತುಟಿ ಬಿಗಿದು ಒಳಗೆ ಹೋಗುತ್ತಿದ್ದಳು. ಊರವರ ಬಾಯಲ್ಲಿ ಆ ಮಾತು ಬಂದು ಏನು ಪ್ರಯೋಜನ?

ಅವರು ಬೀದಿ ತಿರುಗುವ ಮೊದಲೇ ಅವಳು ಗಂಡನ ಮುಂದೆ ನಿಂತಿದ್ದಳು.

‘ನೀವು ಹೇಳಿ ಅವಳಿಗೆ. ನಿಮ್ಮ ಮಾತು ಕೇಳ್ತಾಳೆ.’

‘ಏನಂತ ಹೇಳ್ಲಿ? ಪದ್ಯ ಸುಳ್ಳು ಅಂತಲಾ?’

‘ಹೌದು.’

‘ಸುಳ್ಳಲ್ಲ ಕಣೆ.’ ಅವನು ಮೇಜಿನ ಮೇಲಿನ ಖಾಲಿ ಬಟ್ಟಲುಗಳನ್ನು ಒಂದರ ಮೇಲೊಂದು ಇಡುತ್ತ, ತೆಗೆಯುತ್ತ ಇದ್ದ. ‘ಅವನು ಬರ್ತೀನಿ ಅಂದ ಅಂತ ನಾನು ಕಾಯ್ತಾ ಕೂತೆ. ಡಬ್ಬಿ ಬಂದ ಮೇಲೂ ಕಾದೆ. ಪಕ್ಕದೋರು ಎಳೆದ್ರೂ ಏಳ್ಲಿಲ್ಲ. ಅಂದಿದಾನೆ, ಬರ್ತಾನೆ ಅಂತ. ಆ ಮಾತು ಇಲ್ದಿದ್ರೆ ಆವಾಗ್ಲೇ ಅತ್ತು ಮುಗಿಸ್ತಿದ್ದೆ. ಅದೇ ಹಿಂಸೆ ಇನ್ನೊಬ್ರಿಗೆ ಬೇಡ ಅಂತ ಬರೆದೆ, ಅಷ್ಟೆ. ನನಗೇನು ಗೊತ್ತಿತ್ತು, ಜನ ಅದನ್ನ ಅಂಗಿ ಥರ ಹಾಕ್ಕೋತಾರೆ ಅಂತ.’

ಹೊಲಿಗೆಯಕ್ಕನಿಗೆ ಇದು ಹೊಸದು. ಇಷ್ಟು ವರ್ಷ ಒಂದೇ ಸೂರಿನ ಕೆಳಗಿದ್ದೂ ಅವನು ಕಾದ ಕತೆ ಅವಳಿಗೆ ಗೊತ್ತಿರಲಿಲ್ಲ, ಪದ್ಯದಲ್ಲೂ ಇರಲಿಲ್ಲ. ಅವನ ಕೈಯಿಂದ ಬಟ್ಟಲುಗಳನ್ನು ತೆಗೆದು ಪಕ್ಕಕ್ಕಿಟ್ಟಳು. ಆದರೂ ಬಿಡಲಿಲ್ಲ.

‘ಕಾಯೋದನ್ನ ನಂಗೆ ಬಿಡಿ. ನೀವು ಒಂದು ದಿನ ಕಾದ್ರಿ, ನಾನು ಆ ಯುದ್ಧ ಪೂರ್ತಿ ಕಾದೆ. ಅದರಲ್ಲಿ ನಿಮಗಿಂತ ನಾನು ಪಳಗಿದೀನಿ. ಹೋಗಿ ಹೇಳಿ.’

ಅವನು ಹೋದ. ಮಗಳ ಕೋಣೆಯ ಬಾಗಿಲು ಮುಚ್ಚಿದ ಸದ್ದಾಯಿತು. ಹೊಲಿಗೆಯಕ್ಕ ಕೋಟಿನ ಗುಂಡಿ ಹಿಡಿದುಕೊಂಡು ಕಿವಿಗೊಟ್ಟು ಕೂತಳು. ದಾರ ಸೂಜಿಗೆ ಹೋಗಲೊಲ್ಲದು. ಸ್ವಲ್ಪ ಹೊತ್ತಿಗೆ ಅವನು ಹೊರಗೆ ಬಂದ.

‘ಏನಾಯ್ತು?’

‘ಕಾಲುಚೀಲ ಸಾಕಾ ಅಂತ ಕೇಳಿದೆ.’

‘ಆಮೇಲೆ?’

‘ಸಾಕು ಅಂದಳು.’

ಹೊಲಿಗೆಯಕ್ಕ ಕೋಟನ್ನು ಮಡಿಲಿಗೆ ಎಳೆದುಕೊಂಡಳು. ಇಂಥವನು ಇಡೀ ನಾಡಿಗೆ ಮಾತು ಕಲಿಸಿದ್ದ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕೋಟು ಮುಗಿಸಿದಳು, ಗುಂಡಿಗಳನ್ನು ಎರಡೆರಡು ಸಲ ಬಿಗಿದು ಹೊಲಿದಳು, ಅಂಚನ್ನು ಇಸ್ತ್ರಿ ಮಾಡಿದಳು.

ಸೋಮವಾರ ಬೆಳಿಗ್ಗೆ ಆಸ್ಪತ್ರೆಯ ಅಂಗಳದಲ್ಲಿ ಜನವೋ ಜನ. ಟಾರ್ಪಾಲು ಹೊದಿಸಿದ ಲಾರಿ ಗೇಟಿನ ಕಡೆ ಮುಖ ಮಾಡಿ ನಿಂತಿತ್ತು, ಹಿಂದೆ ಔಷಧಿಯ ಪೆಟ್ಟಿಗೆಗಳನ್ನು ಏರಿಸುತ್ತಿದ್ದರು. ಪಕ್ಕದಲ್ಲಿ ಬೇಕರಿಯವಳು, ಹೊಲಿಗೆಯಕ್ಕನ ಬೀದಿಯವಳೇ, ಮಗನಿಗೆ ಬನ್ನಿನ ಪೊಟ್ಟಣ ಕೊಡುತ್ತಿದ್ದಳು. ಮಗ ಸ್ಟ್ರೆಚರ್ ಹೊರುವ ಕೆಲಸಕ್ಕೆ ಸೇರಿದ್ದ. ಪೊಟ್ಟಣ ಕಂಕುಳಲ್ಲಿ ಇಟ್ಟುಕೊಂಡು ಅವನು ‘ಬರ್ತೀನಮ್ಮ’ ಅಂದ. ಬೇಕರಿಯವಳು ಯೋಚಿಸಲೂ ಇಲ್ಲ, ‘ಹೋಗಿ ಬಾ ಮಗ’ ಅಂದಳು. ಅವನು ಹತ್ತಿದ.

ಗುಬ್ಬಿ ಕೋಟು ಹಾಕಿಕೊಂಡು ನಿಂತಿದ್ದಳು, ಭುಜ ಸರಿಯಾಗಿ ಕೂತಿತ್ತು. ಅಪ್ಪನನ್ನು ತಬ್ಬಿಕೊಂಡಳು. ಅಮ್ಮನನ್ನು ತಬ್ಬಿಕೊಂಡು ಬಿಡಲೇ ಇಲ್ಲ, ಬಿಡುವುದಿಲ್ಲವೇನೋ ಅನ್ನಿಸುವಷ್ಟು ಹೊತ್ತು. ಆಮೇಲೆ ಕೈ ಸಡಿಲಿಸಿ, ಅಮ್ಮನ ಮುಖ ನೋಡಿದಳು. ಕಣ್ಣು ತುಂಬಿತ್ತು. ಬಾಯಿ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು.

‘ಹೋಗ್ತೀನಿ ಅಮ್ಮ’ ಅಂದಳು. ಅಂದವಳೇ ತಿರುಗಿ ಲಾರಿ ಹತ್ತಿದಳು.

ಹೊಲಿಗೆಯಕ್ಕ ಏನೋ ಹೇಳಲು ಹೊರಟಳು. ಏನೂ ಬರಲಿಲ್ಲ. ದುಃಖಕ್ಕೆ ಗಂಟಲು ಕಟ್ಟಿತು ಅಂದುಕೊಳ್ಳಬೇಡಿ, ಗಂಟಲು ಸರಿಯಾಗೇ ಇತ್ತು. ಹೇಳುವ ಮಾತೇ ಇರಲಿಲ್ಲ. ಬರ್ತೀನಿ ಅಂದರೆ ಹೋಗಿ ಬಾ ಅನ್ನಬಹುದು, ನಾಲಿಗೆ ತಾನೇ ಅನ್ನುತ್ತದೆ. ಹೋಗ್ತೀನಿ ಅಂದರೆ ಉಳಿದವರು ಏನನ್ನಬೇಕು? ಹೋಗು ಅಂತಲಾ? ಯಾವ ತಾಯಿ ಅಂದಾಳು ಅದನ್ನ? ಇಷ್ಟು ವರ್ಷ ದಿನಾ ಬೆಳಿಗ್ಗೆ ತಾನು ತಲೆ ಎತ್ತದೆ ಯಂತ್ರ ತುಳಿದದ್ದು ಸಿಟ್ಟಿಗೆ ಅಂತ ತಿಳಿದಿದ್ದಳು. ಸಿಟ್ಟಿಗಲ್ಲ, ಬಾಯಿಗೆ ಕೆಲಸವೇ ಇಲ್ಲದೆ.

ಅವಳು ಗಂಡನ ಕಡೆ ತಿರುಗಿದಳು. ‘ಹೇಳ್ರಿ. ಇದಕ್ಕೆ ಏನನ್ನಬೇಕು?’

‘ಯಾವುದಕ್ಕೆ?’

‘ಹೋಗ್ತೀನಿ ಅಂದಳಲ್ಲ. ಹೋಗೋರಿಗೆ ಮಾತು ಬರ್ಕೊಟ್ರಿ. ನಿಂತೋರು ಏನನ್ನಬೇಕು ಅಂತ ಬರೆದ್ರಾ? ನೀವೇ ಕವಿಗಳಲ್ವಾ, ಈಗ ಹೇಳಿ, ನಾನು ಅವಳಿಗೆ ಏನನ್ನಲಿ?’

ಕವಿ ಬಾಯಿ ತೆರೆದ. ಸುತ್ತಲಿನವರು ನೋಡುತ್ತಿದ್ದರು. ಶಿಷ್ಯರ ಜೊತೆ ಬಂದಿದ್ದ ವಿಮರ್ಶಕನೂ ನೋಡುತ್ತಿದ್ದ. ಕವಿಯ ಬಾಯಿಗೆ ಒಂದು ಸಾಲೂ ಬರಲಿಲ್ಲ. ಅಷ್ಟರಲ್ಲಿ ಲಾರಿ ಗುರ್ರೆಂದು ಹೊಗೆ ಬಿಟ್ಟು ಅಲುಗಾಡಿತು, ಹೊರಟೇ ಬಿಟ್ಟಿತು.

ಹೊಲಿಗೆಯಕ್ಕ ಓಡಿದಳು. ಯಾಕೆ ಓಡಿದಳೋ ಅವಳಿಗೇ ಗೊತ್ತಿಲ್ಲ, ಲಾರಿಯ ಹಿಂದೆ ಗೇಟಿನವರೆಗೆ ಓಡಿ ಕಂಬ ಹಿಡಿದು ನಿಂತಳು. ಅವಳ ಹಿಂದಿನಿಂದ ಯಾರೋ ಕಿರುಚುತ್ತ ಬರುತ್ತಿದ್ದರು. ಆ ದನಿ ಅವಳಿಗೆ ಮೊದಲು ಗುರುತೇ ಸಿಗಲಿಲ್ಲ. ಕವಿ ಓಡಿ ಬರುತ್ತಿದ್ದ, ಒಂದು ಚಪ್ಪಲಿ ಅಂಗಳದ ನಡುವೆ ಕಳಚಿಬಿದ್ದಿತ್ತು, ಎರಡೂ ಕೈ ಮೇಲೆತ್ತಿದ್ದ.

‘ಬಾ!’ ಅಂತ ಕೂಗಿದ. ‘ಗುಬ್ಬೀ, ಹೋಗಿ ಬಾ! ಹೋಗಿ ಬಾ ಮಗಳೇ!’

ಅಂಗಳದಲ್ಲಿ ಪದ್ಯ ಬಾಯಿಪಾಠ ಇದ್ದವರು ಎಷ್ಟು ಜನ ಇದ್ದರೋ, ಎಲ್ಲರಿಗೂ ಕೇಳಿಸಿತು. ವಿಮರ್ಶಕ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಕವಿಗೆ ಅದ್ಯಾವುದರ ಪರಿವೆಯೂ ಇರಲಿಲ್ಲ. ಬರ್ತೀನಿ ಅನ್ನುವುದು ಸುಳ್ಳಾಗಬಹುದು, ನಿಜವಾಗಬಹುದು. ಬಾ ಅನ್ನುವುದು ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಅದು ಬರೀ ಬೇಡುವುದು. ಅವನು ಬೇಡುತ್ತಿದ್ದ, ದನಿ ಒಡೆದು ಚೂರಾಗುವವರೆಗೆ.

ಗೇಟು ದಾಟುವಾಗ ಗುಬ್ಬಿ ಟಾರ್ಪಾಲು ಸರಿಸಿ ಹೊರಗೆ ಬಗ್ಗಿದಳು. ಬಾಯಿಗೆ ಕೈ ಅಡ್ಡ ಹಿಡಿದು ಏನೋ ಕೂಗಿದಳು. ಇಂಜಿನಿನ ಗದ್ದಲದಲ್ಲಿ ಅಂಗಳದಲ್ಲಿದ್ದವರಿಗೆ ಏನು ಕೇಳಿಸೀತು? ಕಂಬದ ಪಕ್ಕದಲ್ಲೇ ಇದ್ದ ಹೊಲಿಗೆಯಕ್ಕನಿಗೆ ಮಾತ್ರ ಸ್ಪಷ್ಟವಾಗಿ ಕೇಳಿಸಿತು.

‘ಅಪ್ಪಂಗೆ ಬೈಬೇಡ ಅಮ್ಮ’ ಅಂದಿದ್ದಳು ಗುಬ್ಬಿ.

ಲಾರಿ ಬೀದಿಯ ಕೊನೆಗೆ ಹೋಗಿ ತಿರುಗಿತು. ಕವಿ ಏದುಸಿರು ಬಿಡುತ್ತ ಬಂದು ಇನ್ನೊಂದು ಕಂಬಕ್ಕೆ ಒರಗಿದ. ಗಡ್ಡವೆಲ್ಲ ಒದ್ದೆ.

‘ಏನಂದಳು?’ ಅಂದ. ‘ಏನೋ ಅಂದಳು. ಏನಂದಳು?’

ಹೊಲಿಗೆಯಕ್ಕ ಅವನ ಮುಖ ನೋಡಿದಳು. ಬೈಯಬೇಕಾದ್ದು ಇನ್ನೂ ರಾಶಿ ಇತ್ತು.

‘ಬರ್ತೀನಿ ಅಂದಳು.’

‘ಅಂದಳಾ?’

‘ಅಂದಳು.’

‘ನೀನೇ ಕೇಳಿಸ್ಕೊಂಡ್ಯಾ?’

‘ಇಲ್ಲೇ ಇದ್ನಲ್ಲ, ಕೇಳಿಸ್ದೆ ಇರುತ್ತಾ? ಬರ್ತೀನಿ ಅಪ್ಪ ಅಂದಳು.’

ಕವಿ ತಲೆ ಆಡಿಸಿದ. ಮತ್ತೆ ಮತ್ತೆ ಆಡಿಸಿದ. ಆಮೇಲೆ ಗೇಟಿನ ಕಟ್ಟೆಯ ಮೇಲೆ ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ‘ಹಾಗಾದ್ರೆ ಬರ್ತಾಳೆ’ ಅಂದ, ಕೈಗಳ ಒಳಗಿನಿಂದಲೇ. ‘ಅಂದಿದಾಳೆ, ಬರ್ತಾಳೆ.’

‘ಬರ್ತಾಳೆ’ ಅಂದಳು ಹೊಲಿಗೆಯಕ್ಕ. ವಾರವೆಲ್ಲ ತನಗೆ ಬೇಕು ಅಂತ ಒದ್ದಾಡಿದ ಮಾತನ್ನು ಅವನ ಕೈಗೆ ಕೊಟ್ಟಾಗಿತ್ತು. ಇನ್ನು ಅವನು ಅದನ್ನು ಹಿಡಿದುಕೊಂಡು ಕಾಯುತ್ತಾನೆ. ತನ್ನ ಹತ್ತಿರ ಹಿಡಿದುಕೊಳ್ಳಲಿಕ್ಕೆ ಏನೂ ಇಲ್ಲದಿರುವುದನ್ನು ಅವನಿಗೆ ಎಂದೂ ಹೇಳುವ ಹಾಗಿರಲಿಲ್ಲ. ಅವಳು ಅಂಗಳದ ನಡುವಿನಿಂದ ಚಪ್ಪಲಿ ತಂದು ಅವನ ಕಾಲ ಬಳಿ ಇಟ್ಟು, ಅವನು ಏಳುವವರೆಗೂ ಪಕ್ಕದಲ್ಲೇ ನಿಂತಳು.